ಕೊನೆಗೆ ಹೆತ್ತವಳು

೩ ಡಿಸೆಂಬರ್

ಪ್ರೀತಿಯ ಜೀರಿಗೆ,

ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಹರಿದು ಹಾಕಬೇಕಾದರೂ ಒಮ್ಮೆ ಕಣ್ಣು ಹಾಯಿಸಲೇಬೇಕು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಎಂಟು ತಿಂಗಳಾಯಿತು ನೀನು ಈ ಕಡೆ ಮುಖ ಹಾಕಿ.

ಈಗ ತಾನೇ ಡ್ಯೂಟಿ ಮುಗಿಸಿ ಬಂದು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು ಕೂತಿದ್ದೇನೆ. ಇವತ್ತು ವಾರ್ಡಿನಲ್ಲಿ ಏಳು ಹೆರಿಗೆ. ಇದ್ದದ್ದು ನಾವು ಇಬ್ಬರೇ ನರ್ಸುಗಳು. ಮೊದಲೆಲ್ಲ ಮಗು ಅತ್ತ ಕೂಡಲೇ ನನಗೆ ಮೈ ಜುಮ್ಮೆನ್ನುತ್ತಿತ್ತು. ಇಪ್ಪತ್ತೆರಡು ವರ್ಷವಾದ ಮೇಲೆ, ಅಳು ಕೇಳಿದರೆ ಸದ್ಯ, ಇದೊಂದು ಮುಗಿಯಿತು ಅನ್ನಿಸುತ್ತದೆ. ಇದನ್ನು ಯಾರ ಹತ್ತಿರವಾದರೂ ಹೇಳಲು ಆಗುತ್ತದೆಯೇ? ನಿನ್ನ ಹತ್ತಿರ ಹೇಳುತ್ತಿದ್ದೆ.

ಅಮ್ಮನ ಕನ್ನಡಕದ ಒಂದು ಕಡ್ಡಿ ಮುರಿದಿದೆ. ದಾರ ಕಟ್ಟಿ ಕಿವಿಗೆ ಸುತ್ತಿಕೊಂಡು ಓಡಾಡುತ್ತಾಳೆ. "ಇಲ್ಲೇ ಅಂಗಡೀಲಿ ಹೊಸದು ಮಾಡಿಸ್ತೀನಿ ಬಾ" ಅಂದರೆ, "ಬೇಡ ಹೋಗೆ, ನನ್ನ ಮೂಗಿಗೆ ಅವರು ಮಾಡಿದ್ದು ಎಲ್ಲಿ ನಿಲ್ಲುತ್ತೆ, ಜಾರುತ್ತೆ" ಅನ್ನುತ್ತಾಳೆ. ಜಾರದ ಹಾಗೆ ಮಾಡಲು ಗೊತ್ತಿರುವುದು ಯಾರಿಗೆ ಅನ್ನುವುದನ್ನು ಮಾತ್ರ ಬಾಯಿ ಬಿಟ್ಟು ಹೇಳುವುದಿಲ್ಲ.

ಇನ್ನೊಂದು ಸುದ್ದಿ ನನ್ನಿಂದಲೇ ಗೊತ್ತಾಗಲಿ. ಅತ್ತಿಗೆ ಮತ್ತೆ ಬಸುರಿ, ಐದನೇ ತಿಂಗಳು. ಏಪ್ರಿಲ್ ಹದಿನೈದರ ಸುಮಾರಿಗೆ ದಿನ ಕೊಟ್ಟಿದ್ದಾರೆ. ಅಣ್ಣ ತಾನೇ ಹೆರುವವನ ಹಾಗೆ ಎರಡು ದಿಂಬು ಬೆನ್ನಿಗಿಟ್ಟುಕೊಂಡು ಕೂರುತ್ತಾನೆ.

ಮೊನ್ನೆ ದೊಡ್ಡ ಡಾಕ್ಟರಮ್ಮ ಹೊಸ ವರ್ಷದ ರಜೆ ಪಟ್ಟಿ ನೋಡುತ್ತಾ ಕೇಳಿದರು: "ಸಿಸ್ಟರ್, ಎಲ್ಲಾ ಹಬ್ಬಕ್ಕೂ ಡ್ಯೂಟಿ ಮಾಡ್ತೀರಿ. ರಾಮನವಮಿಗೆ ಮಾತ್ರ ಆಕಾಶ ಬಿದ್ರೂ ರಜೆ. ಏನಿದೆ ಅಂಥಾದ್ದು?"

ಹೇಳಿದೆ. ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಮನೆಯಲ್ಲಿ ರಾಮ ಹುಟ್ಟುತ್ತಾನೆ. ಹೆಬ್ಬೆರಳುದ್ದದ ಹಿತ್ತಾಳೆ ರಾಮ. ನಾವೆಲ್ಲ ಮಲಗಿ ಬೆಳೆದ ಮರದ ತೊಟ್ಟಿಲಿನಲ್ಲಿ, ಸೀರೆಗಳ ಮಡಿಕೆಯೊಳಗೆ ಹುಡುಕಬೇಕು ಅವನನ್ನು. ಮೊದಲು ಹಗ್ಗ ಹಿಡಿದು ತೂಗುವವಳು ಹಿರಿಯಳಲ್ಲ. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಹೆತ್ತವಳು. ಅವಳು ಬೆಳಗಿನಿಂದ ಉಪವಾಸವಿದ್ದು ತೊಟ್ಟಿಲ ಬಲಕ್ಕೆ ಕೂರಬೇಕು. ಅಮ್ಮ ಕೇಳುತ್ತಾಳೆ: "ಈ ಮನೇಲಿ ಕೊನೆಗೆ ಹೆತ್ತವಳು ಯಾರು?" ಅವಳು "ನಾನು" ಅನ್ನಬೇಕು. "ಮೂಗು ಯಾರದ್ದು?" ಅವಳ ಮಗುವಿನ ಮೂಗು ಯಾರ ಹಾಗಿದೆಯೋ ಅದನ್ನು ಹೇಳಬೇಕು, ಎಲ್ಲರೂ ನಗಬೇಕು. "ಹಾಗಾದ್ರೆ ಈ ವರ್ಷ ರಾಮನಿಗೂ ಅದೇ ಮೂಗು. ತೂಗು" ಎಂದು ಅಮ್ಮ ಹಗ್ಗ ಕೊಡುತ್ತಾಳೆ.

ಡಾಕ್ಟರಮ್ಮ ನಕ್ಕರು. "ಚೆನ್ನಾಗಿದೆ ಕಣ್ರೀ. ಕೌಸಲ್ಯೆಗೂ ಒಬ್ಬಳು ಬಾಣಂತಿ ಜೊತೆಗೆ ಬೇಕಲ್ವಾ. ಈ ಸಲ ಯಾರು ತೂಗೋದು?"

"ಮೂರನೇ ಬೆಡ್ಡಿನ ಡ್ರಿಪ್ ಮುಗಿದಿರಬೇಕು" ಎಂದು ನಾನು ಎದ್ದು ಬಂದೆ.

ನೀರು ಆರಿತು. ಮಲಗುತ್ತೇನೆ.

ನಿನ್ನ
ಅಕ್ಕ

*

೯ ಜನವರಿ

ಜೀರಿಗೆ,

ಉತ್ತರ ಬರೆಯಬೇಡ, ಪರವಾಗಿಲ್ಲ. ಕಾಗದ ತಲುಪಿತು ಎಂದಾದರೂ ತಿಳಿಸು. ದಿನಾ ಅಂಚೆಯವನ ಮುಖ ನೋಡಿ ನೋಡಿ, ಅವನಿಗೇ ನನ್ನ ಮೇಲೆ ಪಾಪ ಅನ್ನಿಸಿ, "ಇವತ್ತೂ ಇಲ್ಲ ಸಿಸ್ಟರ್" ಎಂದು ದೂರದಿಂದಲೇ ಕೂಗುತ್ತಾನೆ.

ಅಮ್ಮ ನಿನ್ನೆ ಊರುಗೋಲು ಊರಿ ನಿಂತು, ಅಣ್ಣನಿಂದ ಅಟ್ಟದ ತೊಟ್ಟಿಲು ಇಳಿಸಿಕೊಂಡು ಎಣ್ಣೆ ಹಚ್ಚಿದಳು. ಹಬ್ಬಕ್ಕೆ ಇನ್ನೂ ಮೂರು ತಿಂಗಳಿದೆ. "ಇಷ್ಟು ಬೇಗ ಯಾಕಮ್ಮ?" ಅಂದೆ. "ಮರ ಒಣಗುತ್ತೆ" ಅಂದಳು. ಆಮೇಲೆ ಕ್ಯಾಲೆಂಡರನ್ನು ಮೂಗಿನ ತುದಿಗೆ ಹಿಡಿದುಕೊಂಡು ಬೆರಳು ಮಡಿಸಿ ಲೆಕ್ಕ ಹಾಕಿದಳು. ನವಮಿ ಏಪ್ರಿಲ್ ಆರು, ಭಾನುವಾರ. ಅತ್ತಿಗೆಯ ದಿನ ಹದಿನೈದು. ಒಂಬತ್ತು ದಿನದ ಅಂತರ. ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಹಾಕಿದಳು.

ನಾನೂ ಲೆಕ್ಕ ಹಾಕಿದೆ. ನೀನೂ ಹಾಕಿರುತ್ತೀಯ. ಈ ನವಮಿ ಕಳೆದರೆ ಆ ಜಾಗ ಅತ್ತಿಗೆಯದಾಗುತ್ತದೆ.

ತುಂಬಾ ದಣಿದಿದ್ದೇನೆ.

ಅಕ್ಕ

*

೨೦ ಜನವರಿ

ಅಕ್ಕನವರಿಗೆ ನಮಸ್ಕಾರ.

ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಮನ್ನಿಸಿ. ನಿಮ್ಮ ಎರಡೂ ಕಾಗದ ತಲುಪಿವೆ. ಹರಿದು ಹಾಕಿಲ್ಲ. ಲೆನ್ಸುಗಳನ್ನು ಇಡುವ ತಗಡಿನ ಡಬ್ಬಿಯಲ್ಲಿ, ಹತ್ತಿಯ ಕೆಳಗೆ ಇಟ್ಟುಕೊಂಡಿದ್ದಾಳೆ. ನಾನು ಬ್ರೆಡ್ ವ್ಯಾನ್ ತೆಗೆಯಲು ಬೆಳಗಿನ ಜಾವ ಏಳುವಾಗ ಒಂದೆರಡು ಸಲ ನೋಡಿದೆ, ಓದುತ್ತಿದ್ದಳು. ನನ್ನನ್ನು ಕಂಡು ಗಾಜು ಒರೆಸುವವಳ ಹಾಗೆ ಮಾಡಿದಳು.

ಮನೆಯಲ್ಲಿ ಮಾತು ಕಡಿಮೆ. ನಾನೂ ಮಾತುಗಾರನಲ್ಲ. ಹೀಗಾಗಿ ನಮ್ಮಿಬ್ಬರ ಮನೆ ಲೈಬ್ರರಿ ಇದ್ದ ಹಾಗಿದೆ. ನಾನು ಬರೆದೆ ಎಂದು ಅವಳಿಗೆ ಗೊತ್ತಾಗುವುದು ಬೇಡ.

ಇಂತಿ,
ನಿಮ್ಮ ತಂಗಿಯ ಗಂಡ

*

೨ ಫೆಬ್ರವರಿ

ಅಕ್ಕನಿಗೆ,

ಇವರು ನಿನಗೆ ಬರೆದದ್ದು ಗೊತ್ತಾಯಿತು. ಅಂಚೆ ಚೀಟಿ ನನ್ನ ಪರ್ಸಿನಿಂದಲೇ ಕದ್ದಿದ್ದಾರೆ, ಅಷ್ಟು ಜಾಣರು.

ಬರೆಯಲೇಬೇಕು ಅಂತಿದ್ದರೆ ಎಲ್ಲಾ ಬರೆಯುತ್ತೇನೆ, ಕೇಳು. ಹೋದ ನವಮಿಗೆ ನಾನು ಹಳದಿ ಸೀರೆ ಉಟ್ಟು ಮೊದಲ ಬಸ್ಸಿಗೆ ಬಂದೆ. ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಮಗು ಹೋಗಿ ಆರು ತಿಂಗಳಾಗಿತ್ತು. ಆ ಆರು ತಿಂಗಳೂ ಎಲ್ಲರೂ ನನ್ನ ಮುಂದೆ ಹವಾಮಾನದ ವಿಷಯವನ್ನೇ ಮಾತಾಡಿದಿರಿ. ಇವತ್ತೊಂದು ದಿನ ಅಮ್ಮ ಎಲ್ಲರೆದುರು ಕೇಳುತ್ತಾಳೆ, ನಾನು "ನಾನು" ಅನ್ನುತ್ತೇನೆ, ಅಷ್ಟು ಸಾಕು ಎಂದುಕೊಂಡು ಬಂದೆ. ಯಾರೂ ಕೂರು ಅನ್ನಲಿಲ್ಲ. ನಾನೇ ಹೋಗಿ ತೊಟ್ಟಿಲ ಬಲಕ್ಕೆ ಕೂತೆ.

ಅಮ್ಮ ಪ್ರಶ್ನೆ ಕೇಳಲೇ ಇಲ್ಲ. ಹಗ್ಗವನ್ನು ನನ್ನ ತಲೆಯ ಮೇಲಿಂದ ದಾಟಿಸಿ ಅತ್ತಿಗೆಯ ಕೈಗೆ ಕೊಟ್ಟಳು. ಮೂರು ವರ್ಷದ ಹಿಂದೆ ಹೆತ್ತವಳಿಗೆ! ಹಗ್ಗದ ತುದಿ ನನ್ನ ಕೆನ್ನೆಗೆ ತಾಗಿತು. ನೀನು ಅಡುಗೆಮನೆ ಬಾಗಿಲಲ್ಲಿ ನೆಲ ನೋಡುತ್ತಾ ನಿಂತಿದ್ದೆ. ನಾನು ಎದ್ದು ಬಂದೆ, ಯಾರೂ ತಡೆಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕ "ಯಾಕಮ್ಮ ಅಳ್ತೀಯ, ಬಸ್ ತಪ್ಪಿತಾ?" ಎಂದು ಕೇಳಿದ.

ಒಂದೇ ಒಂದು ವಿಷಯ ಅಮ್ಮನನ್ನು ಕೇಳು. ಆವಾಗ ನನ್ನನ್ನು ಹತ್ತು ದಿನ ಮೂಲೆಯಲ್ಲಿ ಕೂರಿಸಿದಳಲ್ಲ, ಪುರುಡು ಎಂದು? ಮನೆಯಲ್ಲಿ ಮಗು ಹುಟ್ಟಿದರೆ ಹತ್ತು ದಿನ ದೇವರನ್ನು ಮುಟ್ಟುವ ಹಾಗಿಲ್ಲ, ದೀಪ ಹಚ್ಚುವ ಹಾಗಿಲ್ಲ ಎಂದಳಲ್ಲ? ಪುರುಡು ಹಿಡಿಸುವಾಗ ನಾನು ಹೆತ್ತವಳು, ಹಗ್ಗ ಹಿಡಿಯುವಾಗ ಅಲ್ಲವೇ? ಯಾವುದಾದರೂ ಒಂದು ಕಡೆ ನಿಲ್ಲಲಿ ಅವಳು.

ನಾನು ದಿನಾ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುತ್ತೇನೆ. ಕಿವಿ ತುಂಬಾ ಯಂತ್ರದ ಸದ್ದು. ಒಳ್ಳೆಯದೇ ಆಯಿತು, ಬೇರೇನೂ ಕೇಳಿಸುವುದಿಲ್ಲ.

ಇಂತಿ,
ನಿನ್ನ ತಂಗಿ

*

೧೧ ಫೆಬ್ರವರಿ

ಜೀರಿಗೆ,

ಅಮ್ಮ ಅಲ್ಲ. ನಾನು.

ಇದನ್ನು ಬರೆಯಲು ಒಂಬತ್ತು ದಿನ ಬೇಕಾಯಿತು. ಇನ್ನು ಉಳಿದದ್ದು ಬರೆಯುವುದು ಸುಲಭ. ಅವತ್ತು ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಹಗ್ಗಕ್ಕೆ ಅರಿಶಿನ ಹಚ್ಚುತ್ತಿದ್ದಳು. "ಈ ವರ್ಷ ಜೀರಿಗೇದು ಸರದಿ. ಕೇಳಬೇಕೋ ಬೇಡವೋ ಗೊತ್ತಾಗ್ತಿಲ್ಲ ಕಣೆ. ನೀನು ದಿನಾ ಇಂಥವರನ್ನ ನೋಡೋಳು, ನೀನೇ ಹೇಳು" ಅಂದಳು. ನಾನು ಹೇಳಿದೆ: "ಬೇಡಮ್ಮ. ಮೂಗು ಯಾರದ್ದು ಅಂತ ಕೇಳಿದ್ರೆ ಅಲ್ಲೇ ಕುಸಿದುಬಿಡ್ತಾಳೆ. ಕೇಳಲೇಬೇಡ. ಅತ್ತಿಗೇನೇ ತೂಗಲಿ." ನರ್ಸಮ್ಮನ ಮಾತು, ಅಮ್ಮ ಇಲ್ಲ ಅನ್ನಲಿಲ್ಲ. ನೀನು ಆಗಲೇ ಬಂದು ಬಲಕ್ಕೆ ಕೂತಿದ್ದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾದಾಗ ಗಡಿಯಾರದಲ್ಲಿ ಹನ್ನೆರಡು.

ನೀನು ಹೋದ ಮೇಲೆ ಅಮ್ಮ ನನ್ನ ಕೈ ಹಿಡಿದುಕೊಂಡು, "ನೀನು ಹೇಳಿದ್ದು ಅಂತ ಅವಳಿಗೆ ಹೇಳಬೇಡ. ಅವಳಿಗೆ ಈ ಮನೇಲಿ ಒಬ್ಬಳಾದ್ರೂ ಇರಲಿ. ಸಿಟ್ಟು ನನ್ನ ಮೇಲಿರಲಿ" ಅಂದಳು. ನಾನು ಹೂಂ ಅಂದೆ. ನನಗೆ ಅದೇ ಬೇಕಾಗಿತ್ತು. ನೀನು ನೋಡಿದರೆ ನನ್ನ ದನಿ ಕೇಳಿದರೂ ಫೋನ್ ಇಟ್ಟುಬಿಟ್ಟೆ. ಅಮ್ಮ ಹೊತ್ತುಕೊಂಡದ್ದೂ ದಂಡವಾಯಿತು.

ನಮ್ಮ ವಾರ್ಡಿನಲ್ಲಿ ಒಂದು ಉದ್ದನೆಯ ಹೆರಿಗೆ ಪುಸ್ತಕ ಇದೆ, ನೀನು ನೋಡಿದ್ದೀಯ. ಒಳಗೆ ಬಂದು ಹೆತ್ತ ಪ್ರತಿಯೊಬ್ಬಳಿಗೂ ಅದರಲ್ಲಿ ಒಂದು ಸಾಲು. ಮಗು ಅಳಲಿ, ಅಳದಿರಲಿ, ಸಾಲು ಬಿಡುವ ಹಾಗಿಲ್ಲ. ಆ ಅಕ್ಟೋಬರಿನಲ್ಲಿ ನಿನ್ನ ಸಾಲನ್ನು ಬರೆದದ್ದು ನಾನೇ. ತಾಯಿಯ ಹೆಸರು, ಹೆಣ್ಣು, ಎರಡು ಕಿಲೋ ಮುನ್ನೂರು, ಸಂಜೆ ನಾಲ್ಕು ನಲವತ್ತು. ಅಕ್ಷರ ಸೊಟ್ಟ ಬಂದಿದೆ. ಆಸ್ಪತ್ರೆಯ ಪುಸ್ತಕದಲ್ಲಿ ನಿನ್ನನ್ನು ಹೆತ್ತವಳು ಎಂದು ಬರೆದ ಕೈಯೇ ಮನೆಯಲ್ಲಿ ನಿನ್ನನ್ನು ಬಿಟ್ಟುಬಿಡು ಅಂದಿತು.

ನೀನು ಕುಸಿಯುತ್ತೀಯ ಎಂದು ಹೆದರಿದೆ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ನೀನು ಮತ್ತಿನಲ್ಲಿದ್ದೆ. ಮಗುವನ್ನು ತೊಳೆದದ್ದು ನಾನು. ಮೂಗು ಯಾರದ್ದು ಎಂದು ಅಮ್ಮ ಕೇಳಿದರೆ, ಆ ಕೋಣೆಯಲ್ಲಿ ಉತ್ತರ ಗೊತ್ತಿದ್ದವಳು ನಾನೊಬ್ಬಳೇ. ಕುಸಿಯುತ್ತಿದ್ದವಳು ನಾನು.

ಇವತ್ತು ಇದಕ್ಕಿಂತ ಹೆಚ್ಚು ಆಗುವುದಿಲ್ಲ. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖವೂ ನನಗಿಲ್ಲ.

ಅಕ್ಕ

*

೨೭ ಫೆಬ್ರವರಿ

ಅಕ್ಕ,

ಓದಿದೆ. ಬೈಯಲು ಕೂತರೆ ಬೈಗುಳ ನೆನಪಾಗುತ್ತಿಲ್ಲ, ಅಷ್ಟು ಸುಸ್ತು. ಒಂದು ವರ್ಷ ತಪ್ಪು ಮನುಷ್ಯರ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ ಎಂದರೆ ಅದೂ ಒಂದು ದುಡಿಮೆಯೇ.

ನವಮಿಗೆ ಬರುವುದಿಲ್ಲ. ಬಂದು ಏನು ಮಾಡಲಿ? ಅಮ್ಮ ನನ್ನ ಬಾಯಲ್ಲಿ "ನಾನು" ಅನ್ನಿಸಿಬಿಡಬಹುದು. ಆಮೇಲೆ ಮೂಗು ಯಾರದ್ದು ಎಂದು ಕೇಳಿದರೆ? ಇವರನ್ನು ಕೇಳಿದೆ. ನೀನು ಮಗುವಿನ ಗಂಟನ್ನು ಇವರ ಕೈಗೆ ಕೊಟ್ಟಾಗ ಮುಖದ ಮೇಲೆ ಬಟ್ಟೆ ಇತ್ತಂತೆ, ಸರಿಸಿ ನೋಡಲು ಧೈರ್ಯ ಬರಲಿಲ್ಲವಂತೆ. ಹೇಳಿ ಊಟ ಬಿಟ್ಟು ಎದ್ದು ಹೋದರು. ನನಗೆ ಎಚ್ಚರವಾಗುವಷ್ಟರಲ್ಲಿ ನೀವು ಎಲ್ಲಾ ಮುಗಿಸಿದ್ದಿರಿ, ಹಾಸಿಗೆಯ ಚಾದರ ಕೂಡ ಹೊಸದು ಹಾಕಿದ್ದಿರಿ. ನಾನು ಒಂಬತ್ತನೇ ತಿಂಗಳವರೆಗೆ ಹೊತ್ತ ಮಗಳ ಮುಖವನ್ನು ಲೋಕದಲ್ಲಿ ನೋಡಿದ್ದು ನೀನೊಬ್ಬಳು.

ಹೇಳು. ಹೇಳಲು ಆಗದಿದ್ದರೆ ಇನ್ನು ಬರೆಯಬೇಡ.

ಜೊತೆಗೆ ಒಂದು ಕನ್ನಡಕ ಇದೆ. ಅಮ್ಮನ ಹಳೆಯ ನಂಬರೇ ಹಾಕಿದ್ದೇನೆ. ಮೂಗಿನ ಮೆತ್ತೆ ದಪ್ಪ ಮಾಡಿ ಒಳಗೆ ಬಗ್ಗಿಸಿದ್ದೇನೆ, ಜಾರುವುದಿಲ್ಲ. ಅಳತೆ ತೆಗೆಯಬೇಕಾಗಲಿಲ್ಲ, ಆ ಮೂಗು ನನ್ನ ಬೆರಳಿಗೆ ಗೊತ್ತು. ನಾನು ಕೊಟ್ಟೆ ಎಂದು ಹೇಳಬೇಡ.

ತಂಗಿ

*

೧೯ ಮಾರ್ಚ್

ಜೀರಿಗೆ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಇದನ್ನು ಓದಿ ನೋಡದೆ ಕವರಿಗೆ ಹಾಕುತ್ತೇನೆ.

ನಿನಗೆ ಒಂದೇ ಸಮನೆ ರಕ್ತ ಹೋಗುತ್ತಿತ್ತು. ಡಾಕ್ಟರಮ್ಮ ಹೊಟ್ಟೆ ಕೊಯ್ದು ಅವಳನ್ನು ತೆಗೆದರು, ಹಾಗೇ ನನ್ನ ಕೈಗೆ ಕೊಟ್ಟು ನಿನ್ನ ಕಡೆ ತಿರುಗಿದರು. ಎಲ್ಲರೂ ನಿನ್ನನ್ನು ಉಳಿಸುವುದರಲ್ಲಿದ್ದರು. ನಾನು ಅವಳನ್ನು ಪಕ್ಕದ ಕೋಣೆಗೆ ಒಯ್ದೆ. ಮಾಡಬೇಕಾದದ್ದನ್ನೆಲ್ಲ ಮಾಡಿದೆ, ಬೆನ್ನು ಉಜ್ಜಿದೆ, ಉಸಿರು ಕೊಟ್ಟೆ. ಇಪ್ಪತ್ತು ನಿಮಿಷ. ಅವಳು ಏಳಲಿಲ್ಲ.

ಆಮೇಲೆ ತೊಳೆದೆ. ತಣ್ಣೀರು ಸಾಕಿತ್ತು, ಯಾರೂ ಕೇಳುತ್ತಿರಲಿಲ್ಲ. ನಾನು ಹೋಗಿ ಬಿಸಿನೀರು ತಂದೆ. ಮೊಣಕೈ ಅದ್ದಿ ಬಿಸಿ ಹದವಾಗಿದೆಯೇ ನೋಡಿದೆ, ಎಲ್ಲಾ ಮಕ್ಕಳಿಗೂ ನೋಡುವ ಹಾಗೆ. ಯಾಕೆ ಎಂದು ಈಗಲೂ ಗೊತ್ತಿಲ್ಲ.

ತಲೆ ತುಂಬಾ ಕೂದಲು. ಒದ್ದೆಯಾಗಿ ಬಲಗಡೆಗೆ ಬಾಚಿದ ಹಾಗೆ ಅಂಟಿತ್ತು. ಉಗುರು ಬೆರಳಿನ ತುದಿಯವರೆಗೆ ಬೆಳೆದಿತ್ತು. ಎಡಗಿವಿ ಸ್ವಲ್ಪ ಮಡಚಿಕೊಂಡಿತ್ತು, ಅದು ನಿನ್ನ ಗಂಡನದು. ಕಾಲ್ಬೆರಳು ನಿನ್ನವು, ಎರಡನೆಯದು ಹೆಬ್ಬೆರಳಿಗಿಂತ ಉದ್ದ.

ಮೂಗು ಅಮ್ಮನದು, ಜೀರಿಗೆ. ಚಪ್ಪಟೆ, ತುದಿಯಲ್ಲಿ ಯಾರೋ ಹೆಬ್ಬೆರಳಿನಿಂದ ಒತ್ತಿದ ಹಾಗೆ. ಕನ್ನಡಕ ನಿಲ್ಲದ ಮೂಗು. ಅದನ್ನು ನೋಡಿ ನನಗೆ ನಗು ಬಂತು. ಆ ಹೊತ್ತಿನಲ್ಲಿ, ಆ ಕೋಣೆಯಲ್ಲಿ, ಅವಳನ್ನು ಕೈಯಲ್ಲಿ ಹಿಡಿದುಕೊಂಡು ನಾನು ನಕ್ಕುಬಿಟ್ಟೆ. ಅದನ್ನು ಯಾರಿಗೂ ಹೇಳಲಾಗದೆ ಇಷ್ಟು ದಿನ ಬದುಕಿದ್ದೇನೆ. ದಿನಾ ಎಷ್ಟೋ ಮಕ್ಕಳನ್ನು ಒರೆಸಿ ತಾಯಂದಿರ ಎದೆಯ ಮೇಲೆ ಇಡುತ್ತೇನೆ, ಒಂದೊಂದು ಸಲವೂ ನಿನಗೆ ಕೊಡದೆ ಹೋದದ್ದು ನೆನಪಾಗುತ್ತದೆ. ನಿನಗೆ ತೋರಿಸಬೇಕಿತ್ತು. ತೋರಿಸಬೇಡ ಎಂದು ಹಿರಿಯರು ಹೇಳಿದರು, ನಾನು ಕೇಳಿದೆ. ನನಗಿಂತ ಚೆನ್ನಾಗಿ ಗೊತ್ತಿರುವವರು ಅಲ್ಲಿ ಯಾರೂ ಇರಲಿಲ್ಲ.

ಕನ್ನಡಕ ಕೊಟ್ಟೆ. ಯಾರು ಮಾಡಿದ್ದು ಎಂದು ನಾನು ಹೇಳಲಿಲ್ಲ. ಅಮ್ಮ ಹಾಕಿಕೊಂಡು ತಲೆ ಬಗ್ಗಿಸಿದಳು, ಅಲ್ಲಾಡಿಸಿದಳು. ಜಾರಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆ ಹೊರಗೆ ಬಂದು, "ಈ ಸಲ ಕೇಳ್ತೀನಿ ಅಂತ ಬರಿ. ಎಲ್ಲರೆದುರಿಗೂ ಕೇಳ್ತೀನಿ" ಅಂದಳು.

ಬಾ. ಅತ್ತಿಗೆಯದು ಹದಿನೈದಕ್ಕೆ. ಈ ನವಮಿ ನಿನ್ನದು.

ಅಕ್ಕ

*

೩ ಏಪ್ರಿಲ್

ಜೀರಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಗಂಡ ಹೊರಗೆ ವ್ಯಾನಿನಲ್ಲಿ ಕಾಯುತ್ತಿದ್ದಾನೆ. ನಾನೇ ಫೋನ್ ಮಾಡಿ ಕರೆಸಿದೆ.

ಅತ್ತಿಗೆ ಭಾನುವಾರವೇ ಹೆತ್ತಳು, ಹದಿನಾರು ದಿನ ಮುಂಚೆ. ಗಂಡು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ನನ್ನ ವಾರ್ಡಿನಲ್ಲೇ, ನನ್ನ ಕೈಯಲ್ಲೇ. ನೋವಿನ ನಡುವೆ ನನ್ನ ಕೈ ಹಿಚುಕಿ ಹಿಡಿದು, "ನವಮಿ ಕಳೀಲಿ ಅಂತ ತಡ್ಕೊಂಡಿದ್ದೆ ಅಕ್ಕ, ಆಗ್ತಿಲ್ಲ. ಅವಳಿಗೆ ಹೇಳಿ. ಹೋದ ವರ್ಷ ಆ ಹಗ್ಗ ಹಿಡಿದಾಗಿನಿಂದ ನಂಗೆ ಸಮಾಧಾನವೇ ಇಲ್ಲ" ಅಂದಳು. ನವಮಿಗೆ ಹನ್ನೆರಡಕ್ಕೆ ಸರಿಯಾಗಿ ಮಗು ಬೇಕು ಎಂದು ಡಾಕ್ಟರಮ್ಮನ ಕಾಲು ಹಿಡಿಯುವವರನ್ನು ಪ್ರತಿ ವರ್ಷ ನೋಡುತ್ತೇನೆ. ನವಮಿ ಕಳೆಯಲಿ ಎಂದು ಹಲ್ಲು ಕಚ್ಚಿದವಳನ್ನು ನೋಡಿದ್ದು ಇದೇ ಮೊದಲು.

ಈಗ ಮನೆಗೆಲ್ಲ ಪುರುಡು, ಒಂಬತ್ತನೇ ತಾರೀಖಿನವರೆಗೆ. ಅಮ್ಮನಿಗೆ, ಅಣ್ಣನಿಗೆ, ಮದುವೆಯಾಗದೆ ಉಳಿದ ನನಗೂ. ಬೇರೆಯವರಿಗೆ ದಿನಕ್ಕೆ ಏಳು ಹೆರಿಗೆ ಮಾಡಿಸಿದರೂ ಅಂಟದ ಪುರುಡು ಅಣ್ಣನ ಒಂದು ಮಗುವಿಗೆ ಅಂಟಿತು ನೋಡು. ಮಗು ಹುಟ್ಟಿತು ಎಂದು ರಾಮ ಹುಟ್ಟುವ ಹಾಗಿಲ್ಲ. ನನ್ನ ರಜೆಯನ್ನೂ ಡಾಕ್ಟರಮ್ಮ ವಾಪಸ್ ಕೇಳಿದರು, ಕೊಟ್ಟೆ.

ಮಾತು ಕೊಟ್ಟಿದ್ದೆ, ಉಳಿಸಿಕೊಳ್ಳಲು ಆಗಲಿಲ್ಲ. ಇನ್ನು ಕೊನೆಗೆ ಹೆತ್ತವಳು ಅತ್ತಿಗೆ.

ಇವತ್ತು ಬೆಳಿಗ್ಗೆ ಅಮ್ಮ, "ನವಮಿ ದಿನ ತೊಟ್ಟಿಲು ಖಾಲಿ ಇರಬಾರದು. ಪುರುಡಿಲ್ಲದೆ ಇರೋಳು ಮದುವೆಯಾಗಿ ಹೋದೋಳು ಒಬ್ಬಳೇ. ಅವಳ ಮನೆಗೆ ಹೋಗಲಿ" ಅಂದಳು. ನಾವು ಯಾರೂ ಮುಟ್ಟುವ ಹಾಗಿಲ್ಲ. ನಿನ್ನ ಗಂಡನೇ ಒಳಗೆ ಹೋಗಿ ರಾಮನನ್ನೂ ತೊಟ್ಟಿಲನ್ನೂ ಎತ್ತಿಕೊಂಡು ಬಂದ. ಅಮ್ಮ ದೂರದಿಂದ ಊರುಗೋಲು ತೋರಿಸಿ, "ಅದು, ಅಲ್ಲಿ, ಹಗ್ಗ ಬಿಟ್ಟೆ ನೋಡು" ಎಂದು ಗದರುತ್ತಿದ್ದಳು. ರಾಮ ಈಗ ಬ್ರೆಡ್ ಟ್ರೇಗಳ ನಡುವೆ ಕೂತಿದ್ದಾನೆ.

ಬೇಡ ಅನ್ನಿಸಿದರೆ ಇವನ ಕೈಯಲ್ಲೇ ವಾಪಸ್ ಕಳಿಸು. ಯಾರೂ ಏನೂ ಅನ್ನುವುದಿಲ್ಲ.

ಅಕ್ಕ

*

೭ ಏಪ್ರಿಲ್

ಅಕ್ಕ,

ತೊಟ್ಟಿಲು ನೋಡಿ ಮೊದಲು ಇವರ ಮೇಲೆ ಕೂಗಾಡಿದೆ. ಎರಡು ದಿನ ಬಾಗಿಲ ಹಿಂದೆ ಗೋಡೆಗೆ ಒರಗಿಸಿಯೇ ಇಟ್ಟಿದ್ದೆ. ನಿನ್ನ ಮಾರ್ಚಿನ ಕಾಗದವನ್ನು ಎಷ್ಟು ಸಲ ಓದಿದ್ದೇನೆಂದರೆ ಮಡಿಕೆಯಲ್ಲಿ ಹರಿದಿದೆ. ಅದಕ್ಕೆ ಉತ್ತರ ಬರೆಯಲು ಆಗಲಿಲ್ಲ, ಈಗಲೂ ಆಗುವುದಿಲ್ಲ. ನಕ್ಕೆ ಅಂದೆಯಲ್ಲ, ಒಳ್ಳೆಯದು ಮಾಡಿದೆ. ಅವಳನ್ನು ನೋಡಿ ಒಬ್ಬರಾದರೂ ನಕ್ಕರಲ್ಲ.

ಶನಿವಾರ ಸಂಜೆ ಇವರು ನನ್ನನ್ನು ಏನೂ ಕೇಳದೆ ಸ್ಟೂಲ್ ಹತ್ತಿ ಫ್ಯಾನ್ ಬಿಚ್ಚಿದರು. ಬಾಡಿಗೆ ಮನೆಯಲ್ಲಿ ಇರುವುದು ಅದೊಂದೇ ಕೊಕ್ಕೆ. "ನಾಳೆ ಸೆಕೆಗೆ ಸಾಯ್ತೀವಿ" ಅಂದೆ. "ಒಂದು ದಿನ ತಾನೇ" ಅಂದರು. ಅವರು ಅಷ್ಟು ಮಾತಾಡಿದ್ದೇ ಹೆಚ್ಚು.

ಭಾನುವಾರ ಬೆಳಿಗ್ಗೆ ಎದ್ದು ಸ್ನಾನ ಮಾಡಿದೆ. ಉಪವಾಸ ಎಂದು ಅಂದುಕೊಳ್ಳಲಿಲ್ಲ, ತಿನ್ನಲು ಮನಸ್ಸಾಗಲಿಲ್ಲ ಅಷ್ಟೇ. ಹಳದಿ ಸೀರೆ ಹಾಸಿ ರಾಮನನ್ನು ಮಲಗಿಸಿದೆ. ಹನ್ನೊಂದೂವರೆಗೆ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು. ಬಾಗಿಲು ತೆಗೆದರೆ ಅಮ್ಮ. ಒಬ್ಬಳೇ ಬಸ್ ಹತ್ತಿ ಬಂದಿದ್ದಾಳೆ, ಎರಡು ಗಂಟೆ ದಾರಿ. ಬೆವರು ಧಾರಾಕಾರ. ಕನ್ನಡಕ ಮಾತ್ರ ಕದಲಿರಲಿಲ್ಲ.

"ಒಳಗೆ ಬಾ" ಅಂದೆ. ಒಂದು ವರ್ಷದ ಮೇಲೆ ಆಡಿದ ಮೊದಲ ಮಾತು.

"ಪುರುಡು ಕಣೆ. ಇಲ್ಲೇ ನಿಂತ್ಕೋತೀನಿ" ಎಂದು ಹೊಸ್ತಿಲಾಚೆ, ಕಾಲೊರೆಸುವ ಚಾಪೆಯ ಮೇಲೆ ನಿಂತಳು. ಮೇಲಿನ ಮನೆಯವರು ತರಕಾರಿ ಚೀಲ ಹಿಡಿದು ಹತ್ತುತ್ತಾ, "ಯಾಕಜ್ಜಿ, ಒಳಗೆ ಸೇರಿಸ್ತಿಲ್ವಾ?" ಎಂದು ಕೇಳಿದರು. "ನಾನೇ ಒಂದು ವರ್ಷ ಇವಳನ್ನ ಹೊರಗೆ ನಿಲ್ಲಿಸಿದ್ದೆ, ಈಗ ನಂದು ಸರದಿ" ಅಂದಳು. ಅವರಿಗೆ ಏನು ಅರ್ಥವಾಯಿತೋ, ಹೋದರು. "ಅಕ್ಕ ಎಲ್ಲಾ ಬರೆದಿದ್ದಾಳಮ್ಮ, ನೀನಲ್ಲ ಅಂತ ಗೊತ್ತು" ಅಂದೆ. "ಹಗ್ಗ ಕೊಟ್ಟ ಕೈ ನಂದೇ ತಾನೇ" ಅಂದಳು.

ಹನ್ನೆರಡಾಯಿತು. ನಾನು ತೊಟ್ಟಿಲ ಎದುರು ನಿಂತೇ ಇದ್ದೆ. "ಬಲಕ್ಕೆ ಕೂರು" ಎಂದಳು ಅಮ್ಮ. ಕೂತೆ. ಅಲ್ಲಿಂದಲೇ ಗಟ್ಟಿಯಾಗಿ ಕೇಳಿದಳು: "ಈ ಮನೇಲಿ ಕೊನೆಗೆ ಹೆತ್ತವಳು ಯಾರು?"

"ಅತ್ತಿಗೆ ಅಲ್ವೇನಮ್ಮ, ಹೋದ ಭಾನುವಾರ" ಅಂದೆ.

"ಅದು ನಮ್ಮ ಮನೆ. ನಾನು ಕೇಳ್ತಿರೋದು ಈ ಮನೇದು" ಎಂದು ಊರುಗೋಲಿನಿಂದ ಹೊಸ್ತಿಲು ಕುಟ್ಟಿದಳು. "ಈ ಮನೇಲಿ ಕೊನೆಗೆ ಹೆತ್ತವಳು ಯಾರೇ?"

ಇವರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ನೆಲ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ನಾನು" ಅಂದೆ.

"ಮೂಗು ಯಾರದ್ದು?"

ಅಕ್ಕ, ನೀನು ಅಮ್ಮನಿಗೆ ಹೇಳಿರಲಿಲ್ಲ ಅಲ್ಲವೇ? ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಇವಳು ಏನು ಹೇಳಿಬಿಡುತ್ತಾಳೋ ಎಂದು ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನಿಂದೇ ಅಮ್ಮ" ಅಂದೆ. "ಕನ್ನಡಕ ನಿಲ್ಲದ ಮೂಗು."

ಅಮ್ಮನ ಕೈ ತನ್ನ ಮೂಗಿಗೆ ಹೋಯಿತು. ಮುಟ್ಟಿ ನೋಡಿಕೊಂಡಳು. ಅಳುತ್ತಾಳೆ ಅಂದುಕೊಂಡೆ, ಅವಳು ನಕ್ಕಳು. "ಅಯ್ಯೋ ಪಾಪ, ಆ ಮಗೂಗೂ ಇದೇ ಬಂತಾ" ಎಂದು ನಗುತ್ತಲೇ ಗೋಡೆಗೆ ಒರಗಿದಳು. ಇವರು ಓಡಿ ಹೋಗಿ ಹಿಡಿದುಕೊಳ್ಳಲು ನೋಡಿದರೆ, "ಮುಟ್ಟಬೇಡ, ಪುರುಡು" ಎಂದು ಗದರಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿ, ಕನ್ನಡಕ ಹಾಕಿಕೊಂಡು, ನೆಟ್ಟಗೆ ನಿಂತು ಹೇಳಿದಳು.

"ಹಾಗಾದ್ರೆ ಈ ವರ್ಷ ರಾಮನಿಗೂ ಅದೇ ಮೂಗು. ತೂಗು."

ಹಗ್ಗ ಕೊಡಲು ಅವಳು ಒಳಗೆ ಬರುವ ಹಾಗಿರಲಿಲ್ಲ. ನಾನೇ ತೆಗೆದುಕೊಂಡೆ. ಫ್ಯಾನಿನ ಕೊಕ್ಕೆ ಕಿರ್ ಎಂದಿತು. ಸೆಕೆಗೆ ಮೂವರೂ ತೊಯ್ದು ಹೋಗಿದ್ದೆವು. ತೂಗಿದೆ ಅಕ್ಕ, ಅಮ್ಮ ಸಾಕು ಅನ್ನುವವರೆಗೂ ತೂಗಿದೆ. ಅವಳು ತುಂಬಾ ಹೊತ್ತು ಸಾಕು ಅನ್ನಲಿಲ್ಲ.

ನಿನ್ನ
ಜೀರಿಗೆ